ಎರಡು ನಿಮಿಷದ ಹಾರರ್ ಓಪನಿಂಗ್ ಮಾಡಿದೀವಿ. ರೂಢಿ ಮುರಿದಿದೀವಾ, ಮುರಿದಿದೀವಿ ಅಂದ್ಕೊಂಡಿದೀವಾ?

ಕಲ್ಪತರು ಕ್ಲಿಪ್:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಲ್ಲಿ ಡಿಗ್ರಿ ಕೊನೇ ವರ್ಷ, ಪತ್ರಿಕೋದ್ಯಮ. ಈ ಸೆಮಿಸ್ಟರ್‌ಗೆ ಒಂದು ಸಿನಿಮಾದ ಓಪನಿಂಗ್ ಮಾತ್ರ ಮಾಡಬೇಕು, ಟೈಟಲ್ ಸೇರಿ ಎರಡು ನಿಮಿಷ. ಜೊತೆಗೆ ಒಂದು ಬರಹ: ನೀವು ಆರಿಸಿಕೊಂಡ ಪ್ರಕಾರದ ರೂಢಿಗಳನ್ನ ಎಲ್ಲಿ ಪಾಲಿಸಿದೀರಿ, ಎಲ್ಲಿ ಮುರಿದಿದೀರಿ. ಸಿನಿಮಾ ಮುಗೀತು. ಬರಹ ಒಂದು ಪುಟ ದಾಟ್ತಿಲ್ಲ.

ಮಾರ್ಕ್ಸ್ ಬರೋ ತನಕ ವಿಡಿಯೋ ಎಲ್ಲೂ ಹಾಕಂಗಿಲ್ಲ, ಅದಕ್ಕೆ ಬಾಯಲ್ಲೇ ಹೇಳ್ತೀನಿ. ಹೆಸರು 'ತ್ರೀ ಫೇಸ್', ಪಂಪ್‌ಸೆಟ್ ಓಡೋಕೆ ಬೇಕಾದ ಕರೆಂಟ್. ಕಪ್ಪು ಪರದೆ, ಜೀರುಂಡೆ ಸದ್ದು. ಗುಬ್ಬಿ ಕಡೆ ಒಂದು ತೆಂಗಿನ ತೋಟ, ರಾತ್ರಿ ಎರಡು ಗಂಟೆ. ಐವತ್ತು ದಾಟಿದ ಹೆಂಗಸು ಟಾರ್ಚ್ ಹಿಡ್ಕೊಂಡು ಪಂಪ್‌ಸೆಟ್ ಮನೆ ಕಡೆ ನಡೀತಾರೆ. ಕ್ಯಾಮೆರಾ ಮರಗಳ ಹಿಂದಿಂದ ಅವರನ್ನ ನೋಡ್ತಿರುತ್ತೆ. ಅವರು ಫೋನಲ್ಲಿ ಮಗನಿಗೆ ಬೈಕೊಂಡೇ ಹೋಗ್ತಾರೆ, ಹೆದರಿಕೆ ಅನ್ನೋದೇ ಇಲ್ಲ. ಹಿಂದೆ ಧೊಪ್ಪಂತ ಒಂದು ಗರಿ ಬೀಳುತ್ತೆ, ತಿರುಗಿ ಕೂಡ ನೋಡಲ್ಲ. ಬಾಗಿಲು ತೆಗೀತಾರೆ, ಮೋಟ್ರು ಗುಂಯ್ ಅಂತ ಸದ್ದು ಮಾಡ್ತಿರುತ್ತೆ. ಅವರು ಕೈ ಹಾಕೋಕೆ ಮುಂಚೆನೇ ಸ್ಟಾರ್ಟರ್ ತಾನಾಗೇ ಆನ್ ಆಗಿದೆ! ಅವರ ಮುಖ. ಕಟ್. ಬಿಳಿ ಅಕ್ಷರದಲ್ಲಿ ಟೈಟಲ್.

ಪಾಲಿಸಿದ್ದು: ರಾತ್ರಿ, ಒಂಟಿ ಹೆಂಗಸು, ಟಾರ್ಚ್, ಕದ್ದು ನೋಡೋ ಕ್ಯಾಮೆರಾ. ಮುರಿದಿದ್ದು: ಹುಡುಗಿ ಬದಲು ವಯಸ್ಸಾದವರು, ಅವರು ಹೆದರಲ್ಲ, ಬಿಜಿಎಂ (ಹಿನ್ನೆಲೆ ಸಂಗೀತ) ಇಲ್ಲವೇ ಇಲ್ಲ, ರಕ್ತ ಸುರಿಯೋ ಫಾಂಟ್ ಇಲ್ಲ. ಇಷ್ಟು ಸಾಕಾ? ನಮ್ಮ ಟೀಮಲ್ಲೇ ಇಬ್ಬರು 'ಏನೂ ಮುರಿದಿಲ್ಲ ಬಿಡು' ಅಂತಿದಾರೆ.

ಕೊರಟಗೆರೆ ಕಿಟ್ಟಿ:
ರಾತ್ರಿ ಎರಡಕ್ಕೆ ತ್ರೀ ಫೇಸ್ ಕೊಡೋದೇ ಹಾರರ್. ನೀವು ಮಾಡಿರೋದು ಡಾಕ್ಯುಮೆಂಟರಿ ಗುರು.

ಹಳೇ ರೀಲು:
ಐಡಿಯಾ ಚೆನ್ನಾಗಿದೆ. ಆದರೆ 'ಅವರು ಹೆದರಲ್ಲ' ಅನ್ನೋದನ್ನ ಮುರಿದ ಪಟ್ಟಿಗೆ ಹಾಕಬೇಡಿ. ಹಾರರ್ ಓಪನಿಂಗ್‌ನಲ್ಲಿ ಮೊದಲು ಸಿಕ್ಕಾಕೊಳ್ಳೋರು ಯಾರೂ ಮೊದಲು ಹೆದರಿರಲ್ಲ. ಪಾತ್ರಕ್ಕೆ ಗೊತ್ತಿಲ್ಲ, ನೋಡೋರಿಗೆ ಗೊತ್ತು. ಇಡೀ ಆಟ ನಿಂತಿರೋದೇ ಅದರ ಮೇಲೆ. ಹಿಚ್‌ಕಾಕ್ ಹೇಳ್ತಿದ್ದ ಮೇಜಿನ ಕೆಳಗಿನ ಬಾಂಬ್ ಲೆಕ್ಕ ಇದೇ ತಾನೆ? ಬಾಂಬ್ ದಿಢೀರ್ ಸಿಡಿದರೆ ನೋಡೋನು ಒಂದು ಕ್ಷಣ ಬೆಚ್ಚಿಬೀಳ್ತಾನೆ. ಮೊದಲೇ ಅವನಿಗೆ ತೋರಿಸಿ, ಮೇಜಿನ ಸುತ್ತ ಕೂತವರು ಹಾಳುಹರಟೆ ಹೊಡೀತಿದ್ದರೆ ಆ ಹರಟೆಯ ಒಂದೊಂದು ನಿಮಿಷಾನೂ ಕುದಿಯುತ್ತೆ. ನಿಮ್ಮ ಅಮ್ಮ ಮಗನಿಗೆ ಬೈಯೋದು ಆ ಹರಟೆ. ತಪ್ಪಲ್ಲ, ಒಳ್ಳೇದೇ. ಆದರೆ ಅದು ರೂಢಿ ಪಾಲನೆ.

ಇನ್ನೊಂದು. ಆ ಮರಗಳ ಹಿಂದಿನ ಕಣ್ಣು ಯಾರದ್ದು?

ಕಲ್ಪತರು ಕ್ಲಿಪ್:
ಯಾರದ್ದೂ ಅಲ್ಲ ಸಾರ್. ಅದೇ ನಾವು ಮುರಿದಿರೋದು. ಯಾರೋ ನೋಡ್ತಿದಾರೆ ಅನಿಸಬೇಕು, ಯಾರೂ ಇರಬಾರದು.

ಹಳೇ ರೀಲು:
ಅಂಥ ಶಾಟಿಗೆ ಒಂದು ಸಾಲ ಇರುತ್ತೆ ಕಣಪ್ಪ. 1978ರ 'ಹ್ಯಾಲೋವೀನ್' ನೋಡಿದೀರಾ? ಓಪನಿಂಗ್ ಪೂರ್ತಿ ಕೊಲೆಗಾರನ ಕಣ್ಣಿಂದ. ಕಿಟಕಿ ಇಣುಕಿ, ಮನೆ ಒಳಗೆ ಹೋಗಿ, ಚಾಕು ತಗೊಂಡು, ಮಹಡಿ ಹತ್ತಿ, ಮುಖವಾಡ ಹಾಕ್ಕೊಂಡು ಕೊಲೆ. ಆಮೇಲೆ ಮುಖವಾಡ ಕಿತ್ತರೆ ಆರು ವರ್ಷದ ಹುಡುಗ, ಸತ್ತವಳ ತಮ್ಮ. ಇಷ್ಟು ಹೊತ್ತು ಆ ಕಣ್ಣೊಳಗೆ ನಮ್ಮನ್ನ ಕೂರಿಸಿ, ಕೊನೆಗೆ ಅದು ಯಾರದ್ದು ಅಂತ ತೋರಿಸಿ ಸಾಲ ತೀರಿಸಿದ. ನೀವು ಸಾಲ ತಗೊಂಡು 'ಕೊಡಲ್ಲ, ಇದೇ ನನ್ನ ಬಂಡಾಯ' ಅಂದರೆ ಆಗುತ್ತಾ?

ಕಲ್ಪತರು ಕ್ಲಿಪ್:
ಇದು ಓಪನಿಂಗ್ ಅಷ್ಟೇ ಅಲ್ವಾ ಸಾರ್. ಸಾಲ ತೀರಿಸೋಕೆ ಇನ್ನೂ ಎರಡು ಗಂಟೆ ಸಿನಿಮಾ ಇದೆ ಅಂದ್ಕೊಳ್ಳಿ.

ಹಳೇ ರೀಲು:
ಹಹ್ಹ. ಇದು ಒಳ್ಳೇ ಉತ್ತರ. ಇದನ್ನೇ ಬರಹದಲ್ಲಿ ಹಾಕಿ.

ಬೋರ್ ಬಸವ:
ಸಿನಿಮಾ ವಿಷಯ ನಂಗೆ ಗೊತ್ತಿಲ್ಲ. ಪಂಪು ಪ್ಯಾನೆಲ್ ರಿಪೇರಿ ನಮ್ಮ ಕಸುಬು. ಎರಡು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲ್ನೇದು, ಸ್ಟಾರ್ಟರ್ ತಾನಾಗೇ ಆನ್ ಆದ್ರೆ ನಮ್ಮ ಕಡೆ ಯಾರೂ ಹೆದರಲ್ಲ. ಅದಕ್ಕೆ ಆಟೋ ಸ್ವಿಚ್ ಅಂತಾರೆ. ಕರೆಂಟ್ ಬಂದು ಸ್ವಲ್ಪ ಹೊತ್ತಿಗೆ ತಾನೇ ಎಳ್ಕೊಳ್ಳುತ್ತೆ. ಈಗಂತೂ ಸಿಮ್ ಹಾಕಿರೋ ಸ್ಟಾರ್ಟರ್ ಐತೆ, ತುಮಕೂರಲ್ಲಿ ಮಲಗಿರೋ ಮಗ ಒಂದು ಕಾಲ್ ಕೊಟ್ರೆ ಗುಬ್ಬಿ ತೋಟದಾಗೆ ಮೋಟ್ರು ಆನ್. ನಿಮ್ಮ ಆಯಮ್ಮ ಫೋನಲ್ಲಿ ಮಗನ ಜೊತೆನೇ ಮಾತಾಡ್ತಾ ಅವ್ಳೆ, ಅಲ್ಲಿಗೆ ಮುಗೀತು. ಥಿಯೇಟರ್‌ನಾಗೆ 'ಮಗನೇ ಆನ್ ಮಾಡಿರ್ತಾನೆ ಬಿಡು' ಅಂತ ಯಾರಾದ್ರೂ ಕೂಗೇ ಕೂಗ್ತಾರೆ.

ಎರಡ್ನೇದು, ಗುಂಯ್ ಅನ್ನೋ ಸದ್ದು. ಬೋರ್‌ನಾಗೆ ಇರೋದು ಸಬ್‌ಮರ್ಸಿಬಲ್. ಎಂಟುನೂರೋ ಸಾವಿರವೋ ಅಡಿ ಕೆಳಗಿರೋ ಮೋಟ್ರು ಸದ್ದು ಮೇಲೆ ಕೇಳಲ್ಲ. ನೀವು ಹಾಕಿರೋದು ಹಳೇ ತೆರೆದ ಬಾವಿ ಮೋಟ್ರು ಸದ್ದು. ಮೇಲೆ ಕೇಳೋದು ಸ್ಟಾರ್ಟರ್ ಒಳಗೆ ಕಾಂಟ್ಯಾಕ್ಟರ್ ಎಳ್ಕೊಳ್ಳೋ ಟಪ್ ಅನ್ನೋದು, ಆಮೇಲೆ ಪೈಪಿನ ಸದ್ದು, ಅಷ್ಟೇ.

ಕೊರಟಗೆರೆ ಕಿಟ್ಟಿ:
ಬಸವಣ್ಣ ಒಂದೇ ಏಟಿಗೆ ದೆವ್ವನೇ ರಿಪೇರಿ ಮಾಡ್ಬಿಟ್ರು.

ಫ್ರೇಮ್ ಬೈ ಫ್ರೇಮ್:
ಇದೆಲ್ಲ ಅತಿ ಆಯ್ತು. ಸಿನಿಮಾ ಅಂದ್ರೆ ಐಟಿಐ ಪ್ರಾಕ್ಟಿಕಲ್ ಅಲ್ಲ. ಹಾಲಿವುಡ್‌ನಲ್ಲಿ ಬಾಹ್ಯಾಕಾಶದಲ್ಲೇ ಧಡ್ ಅಂತ ಸದ್ದು ಬರುತ್ತೆ, ಗಾಳಿನೇ ಇಲ್ಲದ ಕಡೆ. ಯಾರು ಕೇಳ್ತಾರೆ? ಮಾರ್ಕ್ಸ್ ಕೊಡೋರು ಬೋರ್‌ವೆಲ್ ನೋಡಿರೋದೇ ಅನುಮಾನ.

ಕಲ್ಪತರು ಕ್ಲಿಪ್:
ನಾನೂ ಅದನ್ನೇ ಹೇಳೋಣ ಅಂತಿದ್ದೆ. ಬಸವಣ್ಣ, ನೀವು ಹೇಳಿದ್ದು ನಿಜ ಇರಬಹುದು, ಆದರೆ ನೋಡೋರು ಎಲ್ಲರೂ ರೈತರಲ್ಲ. ಸಿಟಿಯಲ್ಲಿರೋರಿಗೆ ತಾನಾಗೇ ಓಡೋ ಮೋಟ್ರು ಭಯಾನಕವೇ.

ಚೇಳೂರು ಅಕ್ಕ:
ಹಂಗಾದ್ರೆ ಗುಬ್ಬಿ ಯಾಕೆ ಬೇಕಿತ್ತು? ಸಿಟಿಯವರಿಗೇ ಮಾಡೋದಾದ್ರೆ ಯಾವುದಾದ್ರೂ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಮಾಡಿ. ನಮ್ಮ ತೋಟ, ನಮ್ಮ ಕರೆಂಟು, ನಮ್ಮ ಹೆಂಗಸರನ್ನ ತಗೊಂಡು, ನಮ್ಮ ಕಡೆ ನೋಡಿ ನಗೋ ಥರ ಮಾಡಬೇಡಿ.

ನಾನೇ ಮದುವೆಯಾಗಿ ಬಂದ ಹೊಸದ್ರಲ್ಲಿ ನಡುರಾತ್ರಿ ನೀರು ಕಟ್ಟೋಕೆ ಹೋಗಿದೀನಿ. ನಮ್ಮನೆಯವರು ಆ ತುದಿ, ನಾನು ಈ ತುದಿ. ದೆವ್ವದ ಯೋಚನೆ ಬರಲ್ಲ ಕಣಪ್ಪ. ಟಾರ್ಚ್ ಯಾವಾಗಲೂ ನೆಲಕ್ಕೇ ಇರುತ್ತೆ, ಹಾವಿನ ಭಯ. ನಿಮ್ಮ ಸಿನಿಮಾದಲ್ಲಿ ಆಯಮ್ಮ ಟಾರ್ಚ್ ಎದುರಿಗೆ ಬಿಟ್ಕೊಂಡು ನಡೀತಾರಾ? ಹಾಗಿದ್ರೆ ಅವರು ಯಾವತ್ತೂ ತೋಟಕ್ಕೆ ಹೋದವರಲ್ಲ. ಹಾವು ಬಿಟ್ರೆ ಚಿರತೆ. ಅದೂ ಬಿಟ್ರೆ ಕೇಬಲ್ ಕಳ್ಳರು. ಪಂಪ್‌ಸೆಟ್ ಮನೆ ಬಾಗಿಲು ಒಂದು ಚೂರು ತೆರೆದಿದ್ರೆ ಸಾಕು, ಎದೆ ಧಸಕ್ ಅನ್ನುತ್ತೆ. ಒಳಗೆ ಮನುಷ್ಯ ಇದಾನೋ, ತಾಮ್ರ ಕಿತ್ಕೊಂಡು ಹೋಗಿಬಿಟ್ಟಿದಾನೋ ಅಂತ.

ಕಲ್ಪತರು ಕ್ಲಿಪ್:
ಅಕ್ಕಾ, ಟಾರ್ಚ್ ಎದುರಿಗೇ ಇದೆ. ಕ್ಯಾಮೆರಾಗೆ ಬೆಳಕು ಬೇಕಿತ್ತು. ಫೋನಲ್ಲೇ ಶೂಟ್ ಮಾಡಿದ್ದು, ಟಾರ್ಚ್ ಕೆಳಗೆ ಬಿಟ್ರೆ ಮುಖ ಕಾಣಲ್ಲ, ಬರೀ ಕಾಳು ಕಾಳು ಬರುತ್ತೆ. ನಟಿಸಿದ್ದು ನಮ್ಮ ದೊಡ್ಡಮ್ಮ. ಅವರೂ ಇದನ್ನೇ ಅಂದ್ರು, 'ಹಿಂಗ್ಯಾರು ಹೋಗ್ತಾರೋ' ಅಂತ.

ಚೇಳೂರು ಅಕ್ಕ:
ಮತ್ತೆ! ದೊಡ್ಡಮ್ಮನ ಮಾತು ಕೇಳಬೇಕಿತ್ತು. ಮುಖ ಯಾಕೆ ಕಾಣಬೇಕು? ನೆಲ ಕಾಣಲಿ. ಬೆಳಕಿನ ವೃತ್ತದಲ್ಲಿ ಬರೀ ಪಾದ, ಒಣ ಮಟ್ಟೆ, ಪೈಪು. ಸುತ್ತ ಏನಿದೆ ಅಂತ ಅವಳಿಗೂ ಕಾಣಲ್ಲ, ನಮಗೂ ಕಾಣಲ್ಲ.

ಹಳೇ ರೀಲು:
ಅಕ್ಕ ಹೇಳಿದ ಈ ಒಂದು ಶಾಟ್ ಇಡೀ ಥ್ರೆಡ್‌ಗಿಂತ ಮೇಲು.

ಕೋಲಾರದ ಕಣ್ಣು:
ನಾನು ಕೆಜಿಎಫ್ ಕಡೆಯವನು. ನಮ್ಮಲ್ಲಿಗೆ ಬರೋ ಸ್ಟೂಡೆಂಟ್ ಫಿಲ್ಮ್‌ನವರೆಲ್ಲ ಇದೇ ಮಾಡ್ತಾರೆ. ಗಣಿ ಮುಚ್ಚಿದ್ದು 2001ರಲ್ಲಿ. ಅವತ್ತಿಂದ ಸಯನೈಡ್ ದಿಬ್ಬದ (ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡ) ಮೇಲೆ ಒಬ್ಬನನ್ನ ನಿಲ್ಲಿಸಿ ಡ್ರೋನ್ ಹಾರಿಸೋದು, ಪಾಳುಬಿದ್ದ ಕ್ವಾರ್ಟರ್ಸ್ ಬಾಗಿಲು ಕಿರ್ರ್ ಅನ್ನಿಸೋದು. ಪಕ್ಕದ ಸಾಲಲ್ಲೇ ಜನ ಸಂಸಾರ ಮಾಡ್ತಿರ್ತಾರೆ, ಟಿವಿ ಓಡ್ತಿರುತ್ತೆ, ಅದನ್ನ ಫ್ರೇಮಿಂದ ಹೊರಗೆ ಹಾಕ್ತಾರೆ. ಊರು ಹಾಳಾಗಿದೆ ಅಂತ ತೋರಿಸೋಕೆ ನಮ್ಮನ್ನೇ ಒರೆಸಿಹಾಕ್ತಾರೆ. 'ಪಾಳು ಜಾಗ ಅಂದ್ರೆ ದೆವ್ವ' ಅನ್ನೋ ರೂಢಿಯನ್ನ ಒಬ್ಬನಾದರೂ ಮುರಿಯಲಿ ನೋಡೋಣ. ಟಿವಿ ಓಡ್ತಿರೋ ಮನೇಲಿ ಹೆದರಿಸಿ, ಆಗ ಒಪ್ಕೊಳ್ತೀನಿ.

ಪಾವಗಡದ ಬಿಸಿಲು:
ಕೋಲಾರದ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ. ನಿಜವಾಗ್ಲೂ ಮುರೀಬೇಕು ಅಂದ್ರೆ ರಾತ್ರಿ ಬಿಡಿ. ನಮ್ಮೂರಿಗೆ ಬನ್ನಿ. ಸುಮಾರು 13,000 ಎಕರೆ ಸೋಲಾರ್ ಪಾರ್ಕ್, 2,050 ಮೆಗಾವ್ಯಾಟ್. ನಡುಮಧ್ಯಾಹ್ನ ಅಲ್ಲಿ ನಿಂತ್ಕೊಂಡ್ರೆ ಕಣ್ಣು ಹರಿಯೋ ತನಕ ಬರೀ ಫಲಕ, ಒಂದು ನರಪಿಳ್ಳೆ ಇಲ್ಲ. ಅಲ್ಲಿ ಹಾರರ್ ಮಾಡಿ. ಬೆಳಕಲ್ಲಿ ಹಾರರ್!

(ಅಷ್ಟು ಕರೆಂಟ್ ಹುಟ್ಟೋ ತಾಲೂಕಲ್ಲಿ ನಾವೂ ರಾತ್ರಿ ಎದ್ದು ನೀರು ಬಿಡ್ತೀವಿ, ಅದು ಬೇರೆ ಕಥೆ.)

ಕೊರಟಗೆರೆ ಕಿಟ್ಟಿ:
ಬೇರೆ ಕಥೆ ಅಲ್ಲ ಅಣ್ಣ, ಇದೇ ಕಥೆ. ಹತ್ತು ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅಂತ ಲೆಕ್ಕ. ಆ ಏಳು ಗಂಟೆನ ಹಗಲಿಷ್ಟು ರಾತ್ರಿ ಇಷ್ಟು ಅಂತ ಹರಿದು ಹಂಚೋರು ಯಾರು, ಅವರ ಮೇಲೆ ಸಿನಿಮಾ ಮಾಡಿ.

ಬೋರ್ ಬಸವ:
ಹರಿದು ಹಂಚದೆ ಏನ್ ಮಾಡ್ತಾರೆ. ಎಲ್ಲರ ಮೋಟ್ರೂ ಒಂದೇ ಟೈಮಿಗೆ ಎಳ್ಕೊಂಡ್ರೆ ಲೋಡ್ ತಡೆಯಲ್ಲ. ಆಟೋ ಸ್ವಿಚ್ ಹಾಕ್ಬೇಡಿ ಅಂತ ಲೈನ್‌ಮ್ಯಾನ್ ಬಡ್ಕೊಳ್ಳೋದು ಅದಕ್ಕೇ. ಕರೆಂಟ್ ಬಂದ ತಕ್ಷಣ ಸಾಲಾಗಿ ಎಲ್ಲಾ ಮೋಟ್ರು ಒಟ್ಟಿಗೆ ಎದ್ರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೋಯ್ತದೆ. ಆಮೇಲೆ ಟಿಸಿ ಬದಲಾಯಿಸೋಕೆ ಓಡಾಡಿ ಚಪ್ಪಲಿ ಸವೆಸೋರು ಯಾರು?

ವೇದಿಕೆ ನಿರ್ವಾಹಕ:
ಕರೆಂಟ್ ಚರ್ಚೆಗೆ ಬೇರೆ ಥ್ರೆಡ್ ಇದೆ. ಇಲ್ಲಿ ಸಿನಿಮಾ ಮಾತಾಡಿ ದಯವಿಟ್ಟು.

ಸಿದ್ದರಬೆಟ್ಟ:
ಪಾವಗಡದವರಿಗೆ ಒಂದು ಮಾತು. ಬೆಳಕಲ್ಲಿ ಹಾರರ್ ಮಾಡಿದರೆ ರೂಢಿ ಮುರಿದಂಗೆ ಅಂತೀರಲ್ಲ, ಯಾರ ರೂಢಿ? ನಮ್ಮಜ್ಜಿ ರಾತ್ರಿಗಿಂತ ಜಾಸ್ತಿ ಹೆದರಿಸಿದ್ದು ಮಟಮಟ ಮಧ್ಯಾಹ್ನಕ್ಕೆ. 'ಹನ್ನೆರಡು ಹೊಡೆಯೋ ಹೊತ್ತಲ್ಲಿ ಹುಣಸೆ ಮರದ ಕೆಳಗೆ ಹೋಗಬೇಡ, ಬಾವಿ ಇಣುಕಬೇಡ, ಗಾಳಿ ಮೆಟ್ಕೊಳ್ಳುತ್ತೆ' ಅಂತ. ಊರೆಲ್ಲ ಉಂಡು ಮಲಗಿರೋ ಹೊತ್ತು, ಬೀದಿ ಖಾಲಿ, ಬಿಸಿಲು ನೆಟ್ಟಗೆ ನೆತ್ತಿ ಮೇಲೆ. ನಮ್ಮ ಕಡೆಯ ಹಳೇ ಭಯ ಅದು. ಮಧ್ಯಾಹ್ನದ ದೆವ್ವ ಮಾಡಿದರೆ ಹಾಲಿವುಡ್ ರೂಢಿ ಮುರೀತೀರಿ, ಅಜ್ಜಿಯ ರೂಢಿ ಪಾಲಿಸ್ತೀರಿ. ಬರಹದಲ್ಲಿ ಬರೆಯೋಕೆ ಇದಕ್ಕಿಂತ ಒಳ್ಳೇ ವಿಷಯ ಸಿಗಲ್ಲ.

ಫ್ರೇಮ್ ಬೈ ಫ್ರೇಮ್:
ಇದು ಒಪ್ಪೋ ಮಾತು. ಹಾಗೇ 'ನಾಳೆ ಬಾ' ನೆನಪಿದೆಯಾ ಯಾರಿಗಾದರೂ? ತೊಂಬತ್ತರ ದಶಕದಲ್ಲಿ ದೆವ್ವ ಓದಿ ವಾಪಸ್ ಹೋಗಲಿ ಅಂತ ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೀತಿದ್ದರು.

ಚೇಳೂರು ಅಕ್ಕ:
ನೆನಪಿಲ್ದೆ ಏನು. ನಮ್ಮ ಬೀದೀಲಿ ಒಂದೇ ಒಂದು ಮನೆ ಬಿಟ್ಟಿರಲಿಲ್ಲ. ರಾತ್ರಿ ಪರಿಚಯದವರ ಧ್ವನೀಲೇ ಕೂಗುತ್ತೆ, ಮೊದಲನೇ ಕೂಗಿಗೆ ಓಗೊಡಬಾರದು ಅಂತ. ನಮ್ಮ ಮಾವ ಬೆಳಗಿನ ಜಾವ ಬಂದು ಬಾಗಿಲು ಬಡಿದ್ರೆ ಅತ್ತೆ ತೆಗೀಲಿಲ್ಲ, ಮೂರನೇ ಸಲ ಹೆಸರು ಹಿಡಿದು ಬೈದ ಮೇಲೆ ತೆಗೆದ್ರು.

ಕೊರಟಗೆರೆ ಕಿಟ್ಟಿ:
ದೆವ್ವ ಬೈಯಲ್ಲ ಅನ್ನೋ ಧೈರ್ಯ!

ಸಾರಥಿ ತುರುವೇಕೆರೆ:
ನಾನು ಮೂಡಲಪಾಯ ಯಕ್ಷಗಾನದ ಮನೆತನದವನು, ಅಪ್ಪ ಭಾಗವತರು. ಓಪನಿಂಗ್ ವಿಷಯ ಬಂದದ್ದಕ್ಕೆ ಹೇಳ್ತೀನಿ. ಆಟದಲ್ಲಿ ದೊಡ್ಡ ವೇಷ ನೇರವಾಗಿ ರಂಗಕ್ಕೆ ಬರಲ್ಲ. ಇಬ್ಬರು ತೆರೆ ಹಿಡೀತಾರೆ. ಹಿಂದೆ ಗೆಜ್ಜೆ ಸದ್ದು, ಅಬ್ಬರ, ತೆರೆ ಅಲ್ಲಾಡುತ್ತೆ, ಕಿರೀಟದ ತುದಿ ಕಂಡು ಮರೆಯಾಗುತ್ತೆ. ಜನಕ್ಕೆ ಬರೋದು ಯಾರು ಅಂತ ಗೊತ್ತು, ಎಷ್ಟೋ ಸಲ ನೋಡಿದಾರೆ. ಆದರೂ ಕಾಯ್ತಾರೆ. ತೆರೆ ಸರಿದ ಮೇಲೂ ಸಾರಥಿ ಅನ್ನೋ ಪಾತ್ರಧಾರಿ ಎದುರು ನಿಂತು ತಾವು ಯಾರು, ಯಾವ ದೇಶ, ಬಂದ ಕಾರಣ ಏನು ಅಂತ ಒಂದೊಂದಾಗಿ ಕೇಳ್ತಾನೆ. ಗೊತ್ತಿರೋದನ್ನೇ ಕೇಳ್ತಾನೆ. ಆ ತಡ ಮಾಡೋದ್ರಲ್ಲೇ ರಸ ಇರೋದು.

ನಿಮ್ಮ ಓಪನಿಂಗ್ ಕೇಳಿದರೆ ಬಾಗಿಲು ತೆಗೆದ ತಕ್ಷಣ ವೇಷ ಎದುರಿಗೇ ನಿಂತಿದೆ. ತೆರೆ ಎಲ್ಲಿ?

ಕಲ್ಪತರು ಕ್ಲಿಪ್:
ಎರಡೇ ನಿಮಿಷ ಸಾರ್, ಎಲ್ಲಿ ತಡ ಮಾಡಲಿ? ಟೈಟಲ್, ಹೆಸರುಗಳು ಬೇರೆ ಬರಬೇಕು.

ಹಳೇ ರೀಲು:
ಎರಡು ನಿಮಿಷ ಅಂದ್ರೆ ಕಡಿಮೆ ಅಲ್ಲ. ನಮ್ಮ ಸಿನಿಮಾಗಳಲ್ಲಿ ದೇವರ ಫೋಟೋ, ಸಿಗರೇಟ್ ಎಚ್ಚರಿಕೆ, ಕೃತಜ್ಞತೆ ಕಾರ್ಡ್‌ಗಳು ಮುಗಿಯೋಕೇ ಅದಕ್ಕಿಂತ ಜಾಸ್ತಿ ಬೇಕು. ತಮಾಷೆಗೆ ಹೇಳ್ತಿಲ್ಲ, ಅದೂ ಒಂದು ರೂಢಿ. ಜನ ಸೀಟು ಹುಡುಕೋ ಹೊತ್ತು ಅದು, ಏನೂ ತಪ್ಪಿಹೋಗಲ್ಲ ಅನ್ನೋ ಭರವಸೆ. 1960ರಲ್ಲಿ 'ಸೈಕೋ' ಬಿಟ್ಟಾಗ ಹಿಚ್‌ಕಾಕ್ ಶೋ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ದ. ನಾಯಕಿ ಅಂದ್ಕೊಂಡವಳು ಅರ್ಧ ಸಿನಿಮಾಗೆ ಮುಂಚೆನೇ ಸತ್ತುಹೋಗ್ತಾಳೆ, ತಡವಾಗಿ ಬಂದವನು ಅವಳೆಲ್ಲಿ ಅಂತ ಹುಡುಕ್ತಾ ಕೂತಿರಬೇಕಾಗುತ್ತೆ. ರೂಢಿ ಮುರಿಯೋದು ಅಂದ್ರೆ ಅಷ್ಟು ದೂರ ಯೋಚನೆ ಮಾಡೋದು. ಬಿಜಿಎಂ ತೆಗೆದು ಹಾಕಿದ್ವಿ ಅನ್ನೋದು ಅದರ ಮುಂದೆ ಏನೂ ಅಲ್ಲ.

ಫ್ರೇಮ್ ಬೈ ಫ್ರೇಮ್:
ಬಿಜಿಎಂ ಇಲ್ಲದಿರೋದನ್ನ ಹಗುರ ಮಾಡಬೇಡಿ. ಕನ್ನಡದಲ್ಲಿ ಎರಡು ನಿಮಿಷ ಸಂಗೀತ ಇಲ್ಲದ ಹಾರರ್ ನೋಡೋದೇ ಅಪರೂಪ. ದೆವ್ವ ಬರೋಕೆ ಮುಂಚೆ ವಯಲಿನ್ ಬಂದು 'ಬರ್ತಿದೆ ಬರ್ತಿದೆ' ಅಂತ ಟಾಂ ಟಾಂ ಹೊಡೆಯುತ್ತೆ.

ಹಳೇ ರೀಲು:
ಸಂಗೀತ ತೆಗೆದ ಜಾಗದಲ್ಲಿ ಏನು ಇಟ್ಟರು? ಜೀರುಂಡೆ. ಅದೂ ಡೌನ್‌ಲೋಡ್ ಮಾಡಿದ್ದು ಇರಬೇಕು.

ಕಲ್ಪತರು ಕ್ಲಿಪ್:
ಹೌದು 😐

ಸಿನಿಮಾ ಮೇಷ್ಟ್ರು:
ಓದುತ್ತಾ ಇದ್ದೆ, ಈಗ ಬರೆಯಬೇಕು ಅನ್ನಿಸಿತು. ಬರಹಕ್ಕೆ ಒಂದು ದಾರಿ ಹೇಳುತ್ತೇನೆ. ರಿಕ್ ಆಲ್ಟ್‌ಮನ್ ಅನ್ನುವ ಸಿನಿಮಾ ವಿದ್ವಾಂಸರು 1984ರಲ್ಲಿ ಪ್ರಕಾರಗಳನ್ನು ಎರಡು ಬಗೆಯಲ್ಲಿ ನೋಡಬೇಕು ಅಂದರು. ಒಂದು, ಒಳಗಿರುವ ಸಾಮಗ್ರಿ: ಜಾಗ, ಪಾತ್ರ, ವಸ್ತು, ಶಾಟಿನ ಬಗೆ. ಇನ್ನೊಂದು, ಆ ಸಾಮಗ್ರಿಗಳು ಒಂದಕ್ಕೊಂದು ಹೇಗೆ ಸಂಬಂಧಪಟ್ಟಿವೆ ಅನ್ನುವ ಕಟ್ಟಡ. ನಿಮ್ಮ ಪಟ್ಟಿಯನ್ನು ಮತ್ತೆ ನೋಡಿ. ಹುಡುಗಿಯ ಬದಲು ದೊಡ್ಡಮ್ಮ, ಬಂಗಲೆಯ ಬದಲು ಪಂಪ್‌ಸೆಟ್ ಮನೆ, ಕೆಂಪು ಫಾಂಟಿನ ಬದಲು ಬಿಳಿ. ಬದಲಾದದ್ದೆಲ್ಲ ಸಾಮಗ್ರಿ. ಕಟ್ಟಡ ಹಾಗೇ ಇದೆ: ಒಂಟಿ ಹೆಂಗಸು ಕತ್ತಲಲ್ಲಿ ಹೋಗುತ್ತಾಳೆ, ಮುಚ್ಚಿದ ಬಾಗಿಲು ತೆರೆಯುತ್ತಾಳೆ, ಒಳಗೆ ಆಗಬಾರದ್ದು ಆಗಿರುತ್ತದೆ, ಅವಳ ಮುಖ, ಟೈಟಲ್. ನಿಮ್ಮ ಟೀಮಿನ ಇಬ್ಬರು 'ಮುರಿದಿಲ್ಲ' ಅನ್ನುತ್ತಿರುವುದು ಇದಕ್ಕೇ ಇರಬೇಕು.

ಹಾಗಂತ ಪಾಲಿಸಿದರೆ ಕೀಳು, ಮುರಿದರೆ ಮೇಲು ಅಂತಲ್ಲ. ಪ್ರಶ್ನೆಪತ್ರಿಕೆ ಹಾಗೆ ಕೇಳುವುದರಿಂದ ಹುಡುಗರು ಮುರಿದದ್ದನ್ನೇ ಪದಕದಂತೆ ತೋರಿಸುತ್ತಾರೆ. ಪ್ರೇಕ್ಷಕ ಟಿಕೆಟ್ ಕೊಳ್ಳುವುದು ಅರ್ಧ ಹಳೆಯದಕ್ಕೆ. ಪೂರ್ತಿ ಮುರಿದರೆ ಅದು ಹಾರರ್ ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ?

ಫ್ರೇಮ್ ಬೈ ಫ್ರೇಮ್:
ಮೇಷ್ಟ್ರೇ, ಡಿಗ್ರಿ ಹುಡುಗನಿಗೆ ಇಷ್ಟು ಥಿಯರಿ ಬೇಕಾ?

ಸಿನಿಮಾ ಮೇಷ್ಟ್ರು:
ಅವನಿಗೆ ಬರಹ ಬರೆಯಬೇಕಿದೆಯಲ್ಲ, ನಿಮಗಲ್ಲ.

ಬೋರ್ ಬಸವ:
ಮೇಷ್ಟ್ರು ಹೇಳಿದ್ದು ಪೂರ್ತಿ ಅರ್ಥ ಆಗ್ಲಿಲ್ಲ, ಆದ್ರೆ ತುರುವೇಕೆರೆಯವರು 'ತಡ' ಅಂದ್ರಲ್ಲ, ಅದು ಅರ್ಥ ಆಯ್ತು. ಅದಕ್ಕೆ ಹೇಳ್ತೀನಿ.

ಸ್ಟಾರ್ಟರ್ ಆನ್ ಮಾಡಿದ ತಕ್ಷಣ ನೀರು ಬರಲ್ಲ. ಕೆಳಗಿರೋ ಎನ್‌ಆರ್‌ವಿ, ಅಂದ್ರೆ ನೀರು ವಾಪಸ್ ಇಳಿಯದಂಗೆ ತಡೆಯೋ ವಾಲ್ವ್, ಗಟ್ಟಿಯಾಗಿದ್ರೆ ಪೈಪಲ್ಲಿ ನೀರು ನಿಂತಿರುತ್ತೆ, ಬೇಗ ಬರುತ್ತೆ. ಅದು ಸೋರ್ತಿದ್ರೆ ಪೈಪು ಪೂರ್ತಿ ಖಾಲಿ ಆಗಿರುತ್ತೆ. ಆಗ ಮೋಟ್ರು ಅಷ್ಟು ಅಡಿ ಕೆಳಗಿಂದ ಮತ್ತೆ ತುಂಬಿಸ್ಕೊಂಡು ಬರಬೇಕು. ಅಲ್ಲಿ ತನಕ ಪೈಪಿನ ಬಾಯಲ್ಲಿ ಬರೋದು ಬರೀ ಗಾಳಿ. ಹುಸ್ಸ್ ಅಂತ ಶುರುವಾಗುತ್ತೆ, ಆಮೇಲೆ ಗೊರಗೊರ, ಆಮೇಲೆ ಒಂದು ಸಲ ಕೆಮ್ಮಿದಂಗೆ ಆಗಿ ಸುಮ್ಮನಾಗುತ್ತೆ. ಮತ್ತೆ ಹುಸ್ಸ್. ರಾತ್ರಿ ಹೊತ್ತು ಆ ತೊಟ್ಟಿ ಹತ್ರ ನಿಂತ್ಕೊಂಡು ಕೇಳಿ, ನಂಗೇ ಈಗಲೂ ಒಂಥರಾ ಆಗುತ್ತೆ. ಈ ವರ್ಷ ನೀರು ಬರುತ್ತೋ, ಬೋರು ಕೈ ಕೊಡ್ತೋ ಅಂತ ಎಲ್ಲಾ ರೈತನೂ ಉಸಿರು ಬಿಗಿ ಹಿಡಿಯೋ ಟೈಮು ಅದು.

ಕಲ್ಪತರು ಕ್ಲಿಪ್:
ಅಣ್ಣಾ!!! ಇದು ಮೊದಲೇ ಗೊತ್ತಿದ್ರೆ!

ಹಳೇ ರೀಲು:
ಬಿತ್ತು ನೋಡಿ. ತೆರೆ ಸಿಕ್ತು. ದೊಡ್ಡಮ್ಮ ತಾವೇ ಸ್ಟಾರ್ಟರ್ ಒತ್ತಲಿ, ಟಪ್ ಅನ್ನಲಿ. ಆಮೇಲೆ ಕ್ಯಾಮೆರಾ ಪೈಪಿನ ಬಾಯಿ ಬಿಟ್ಟು ಕದಲಬಾರದು. ಗಾಳಿ, ಗೊರಗೊರ, ಮೌನ. ಸಿಟಿಯವನಿಗೆ ಏನೋ ಹೊರಗೆ ಬರುತ್ತೆ ಅಂತ ಭಯ, ರೈತನಿಗೆ ಏನೂ ಬರಲ್ಲವೇನೋ ಅಂತ ಭಯ. ಒಂದೇ ಶಾಟ್, ಎರಡು ಥರದ ಭಯ. ಅದರ ಮೇಲೆ ಒಂದೊಂದೇ ಹೆಸರು ಹಾಕ್ತಾ ಹೋಗಿ.

ಫ್ರೇಮ್ ಬೈ ಫ್ರೇಮ್:
ಮತ್ತೆ ಕೊನೆಗೆ ಪೈಪಿಂದ ಏನು ಬರಬೇಕು? ರಕ್ತ ಅಂತ ಮಾತ್ರ ಹೇಳಬೇಡಿ.

ಚೇಳೂರು ಅಕ್ಕ:
ನೀರೇ ಬರಲಿ. ನೀರು ಬಂದ ಮೇಲೆ ಆಯಮ್ಮ ಕೈಕಾಲು ತೊಳ್ಕೊಂಡು, ಫೋನಲ್ಲಿ ಮಗನಿಗೆ 'ಬಂತು ಮಲಕ್ಕೋ' ಅಂತ ಇಡಲಿ. ಆಗ ತೋಟದೊಳಗಿಂದ ಮಗನ ಧ್ವನೀಲಿ 'ಅಮ್ಮಾ' ಅಂತ ಒಂದೇ ಸಲ ಕೂಗು ಬರಲಿ. ಅವಳು ತಿರುಗಬಾರದು. ಓಗೊಡಬಾರದು. ಅವಳಿಗೆ ಗೊತ್ತು.

ಸಿದ್ದರಬೆಟ್ಟ:
ಅಕ್ಕಾ ನೀವೇ ಡೈರೆಕ್ಷನ್ ಮಾಡಿ.

ಸಿನಿಮಾ ಮೇಷ್ಟ್ರು:
ಈಗ ಕಟ್ಟಡವೇ ಬದಲಾಯಿತು. ಹಾರರ್‌ನಲ್ಲಿ ಮೊದಲ ಹೆಂಗಸು ಸಾಯುವುದು ಸಾಮಾನ್ಯವಾಗಿ ಗೊತ್ತಿಲ್ಲದೆ ಬಾಗಿಲು ತೆರೆದದ್ದಕ್ಕೆ, ಕರೆದ ಕಡೆ ಹೋದದ್ದಕ್ಕೆ. ಇಲ್ಲಿ ಪ್ರೇಕ್ಷಕನಿಗಿಂತ ಅವಳಿಗೇ ಹೆಚ್ಚು ಗೊತ್ತಿದೆ. ಅವಳು ಹೆದರದಿರುವುದಕ್ಕೆ ಈಗ ಕಾರಣ ಸಿಕ್ಕಿತು. ಮೊದಲಿನ ಆವೃತ್ತಿಯಲ್ಲಿ ಅದು ಬರೀ ಅಮಾಯಕತನ.

ಕೊರಟಗೆರೆ ಕಿಟ್ಟಿ:
ಮರದ ಹಿಂದಿನ ಕಣ್ಣಿನ ಸಾಲಾನೂ ತೀರ್ತು. ರೀಲು ಸಾರ್ ಖುಷಿನಾ?

ಹಳೇ ರೀಲು:
ಬಡ್ಡಿ ಸಮೇತ.

ಕೋಲಾರದ ಕಣ್ಣು:
ನನಗೆ ಇನ್ನೂ ಒಪ್ಪಿಗೆ ಇಲ್ಲ. ಮತ್ತೆ ಕತ್ತಲು, ಮತ್ತೆ ತೋಟ, ಮತ್ತೆ ಕೂಗು. ಚೆನ್ನಾಗಿದೆ, ಆದರೆ ಟಿವಿ ಓಡ್ತಿರೋ ಮನೆ ಸವಾಲು ಹಾಗೇ ಇದೆ.

ಕಲ್ಪತರು ಕ್ಲಿಪ್:
ಅಣ್ಣ, ಅದನ್ನ ಮುಂದಿನ ಸೆಮಿಸ್ಟರ್‌ಗೆ ಇಟ್ಕೊಳ್ತೀನಿ, ಕೆಜಿಎಫ್‌ಗೇ ಬರ್ತೀನಿ. ಈಗ ಒಂದು ಡೌಟ್. ಪ್ಯಾನೆಲ್ ಬೋರ್ಡ್ ಮೇಲೆ ಕೆಂಪು, ಹಳದಿ, ನೀಲಿ ಮೂರು ದೀಪ ಇರುತ್ತಲ್ಲ, ಅದನ್ನ ಟೈಟಲ್‌ಗೆ ಉಪಯೋಗಿಸೋಣ ಅಂತ. ಕತ್ತಲಲ್ಲಿ ಕೆಂಪು ಹತ್ತುತ್ತೆ, ಹಳದಿ ಹತ್ತುತ್ತೆ, ನೀಲಿ ಹತ್ತಲ್ಲ. ದೊಡ್ಡಮ್ಮ ಕಾಯ್ತಾರೆ. ಆಮೇಲೆ ನೀಲಿ, ಆಗ ಟೈಟಲ್. ಹಿಂಗೆ ಆಗುತ್ತಾ ನಿಜವಾಗ್ಲೂ?

ಬೋರ್ ಬಸವ:
ಒಂದು ಫೇಸ್ ಹೋಗಿದ್ರೆ ಒಂದು ದೀಪ ಹತ್ತಲ್ಲ, ಅದು ನಿಜ. ಟಿಸಿ ಹತ್ರ ಫ್ಯೂಸ್ ಹೋಗಿದ್ರೆ ಹಂಗಾಗುತ್ತೆ. ಯಾವ ಬಣ್ಣ ಬೇಕಾದ್ರೂ ಹೋಗಬಹುದು, ನೀಲಿನೇ ಅಂತಿಲ್ಲ. ಆಗ ಮೋಟ್ರು ಸ್ಟಾರ್ಟ್ ಮಾಡಂಗಿಲ್ಲ, ಎರಡೇ ಫೇಸಲ್ಲಿ ಓಡಿಸಿದ್ರೆ ಕಾಯಿಲ್ ಸುಟ್ಟು ಹೋಗುತ್ತೆ. ಅದಕ್ಕೇ ಪ್ಯಾನೆಲ್‌ನಾಗೆ ಪ್ರಿವೆಂಟರ್ ಇರುತ್ತೆ, ಎಳ್ಕೊಳ್ಳೋಕೇ ಬಿಡಲ್ಲ. ರೈತರು ಬಾಗಿಲು ತೆಗೆದ ತಕ್ಷಣ ನೋಡೋದೇ ಆ ಮೂರು ದೀಪ. ಆದ್ರೆ ಕೆಂಪು ಹಳದಿ ಬಂದು ನಿಧಾನವಾಗಿ ನೀಲಿ ಬರೋದು ಅಂದ್ರೆ, ಲೈನ್‌ಮ್ಯಾನ್ ಆ ಹೊತ್ತಲ್ಲಿ ಫ್ಯೂಸ್ ಹಾಕಿರಬೇಕು.

ಕೊರಟಗೆರೆ ಕಿಟ್ಟಿ:
ರಾತ್ರಿ ಎರಡಕ್ಕೆ ಲೈನ್‌ಮ್ಯಾನ್ ಬಂದು ಫ್ಯೂಸ್ ಹಾಕಿದ ಅಂದ್ರೆ ಅದು ಹಾರರ್ ಅಲ್ಲ, ಪೌರಾಣಿಕ.

ಫ್ರೇಮ್ ಬೈ ಫ್ರೇಮ್:
😂 ಆದರೆ ಐಡಿಯಾ ಬಿಡಬೇಡಿ. ನೀಲಿ ಹತ್ತೋದೇ ಬೇಡ. ಎರಡೇ ದೀಪ ಇರಲಿ, ಆದರೂ ಸ್ಟಾರ್ಟರ್ ಟಪ್ ಅಂತ ಎಳ್ಕೊಳ್ಳಲಿ. ಬಸವಣ್ಣನ ಲೆಕ್ಕದಲ್ಲಿ ಅದು ಆಗಬಾರದ್ದು ತಾನೆ?

ಬೋರ್ ಬಸವ:
ಪ್ರಿವೆಂಟರ್ ಸರಿ ಇದ್ರೆ ಆಗಬಾರದ್ದೇ. ಅದು ನೋಡಿದ್ರೆ ನಾನು ಹೆದರ್ತೀನಿ, ಕಾಯಿಲ್ ಖರ್ಚು ನೆನೆಸ್ಕೊಂಡು.

ಸಿದ್ದರಬೆಟ್ಟ:
ಅದು ಬಂದ್ರೆ ಪೈಪು, ಕೂಗು ಎಲ್ಲ ಸೇರಿ ಎರಡು ನಿಮಿಷಕ್ಕೆ ಜಾಸ್ತಿ ಆಯ್ತು. ಯಾವುದಾದರೂ ಒಂದು ಇಟ್ಕೊಳ್ಳಿ. ನನ್ನ ಓಟು ಪೈಪಿಗೆ.

ಸಾರಥಿ ತುರುವೇಕೆರೆ:
ಪೈಪು ಮತ್ತು ಕೂಗು. ದೀಪ ಬೇಡ.

ಚೇಳೂರು ಅಕ್ಕ:
ದೀಪ ಇರಲಿ, ಒಂದು ಕ್ಷಣ ಸಾಕು. ಟೈಟಲ್ ಅದರಲ್ಲೇ ಮುಗಿಸಿ.

ಕಲ್ಪತರು ಕ್ಲಿಪ್:
ಎಡಿಟಿಂಗ್‌ನಲ್ಲಿ ನೋಡ್ತೀನಿ. ದೊಡ್ಡಮ್ಮನಿಗೆ ಹೇಳಿದೆ. 'ಮೊದಲೇ ಹೇಳಿದ್ರೆ ಕೇಳಲ್ಲ, ಈಗ ಯಾರೋ ಫೋನಲ್ಲಿ ಹೇಳಿದ್ರೆ ಕೇಳ್ತೀಯ' ಅಂತ ಬೈದು, ಒಪ್ಕೊಂಡಿದಾರೆ. ಈ ಸಲ ಟಾರ್ಚ್ ನೆಲಕ್ಕೆ. ಪೈಪಿನ ಸದ್ದು ನಿಜವಾದ್ದೇ ರೆಕಾರ್ಡ್ ಮಾಡ್ಕೊಳ್ತೀವಿ. ಬಸವಣ್ಣ, ಪ್ಯಾನೆಲ್ ಬಾಗಿಲು ತೆಗೆದು ಒಳಗಿಂದ ಒಂದು ಶಾಟ್ ತೆಗೀಬಹುದಾ?

ಬೋರ್ ಬಸವ:
ಕೈ ಹಾಕ್ಬೇಡಿ ಮಾರಾಯ್ರೆ. 415 ವೋಲ್ಟ್ ಐತೆ ಅಲ್ಲಿ, ತೋಟದ ನೆಲ ಬೇರೆ ಒದ್ದೆ. ದೀಪದ ಶಾಟ್ ಬೇಕಾದ್ರೆ ನಮ್ಮ ಅಂಗಡೀಲಿ ಹಳೇ ಪ್ಯಾನೆಲ್ ಡಬ್ಬ ಬಿದ್ದೈತೆ, ತಗೊಂಡು ಹೋಗಿ. ಬ್ಯಾಟರಿಗೆ ಮೂರು ಸಣ್ಣ ಬಲ್ಬ್ ಕಟ್ಕೊಂಡು ಮನೇಲೇ ತೆಗೀರಿ, ಯಾರಿಗೂ ಗೊತ್ತಾಗಲ್ಲ. ಸದ್ದು ಬೇಕಾದ್ರೆ ಎನ್‌ಆರ್‌ವಿ ಸೋರೋ ಬೋರು ಎಲ್ಲೈತೆ ಅಂತ ನಾನು ಹೇಳ್ತೀನಿ, ಅವರ ಮನೆಯವರನ್ನ ಕೇಳಿ ಹೋಗಿ. ಬೇಗ ಹೋಗಿ, ಮುಂದಿನ ವಾರ ಅದನ್ನ ಎತ್ತಿ ರಿಪೇರಿ ಮಾಡೋನು ನಾನೇ.